ವಾರಕ್ಕೊಂದು ಸುಳ್ಳು

ಬಲಗೈ ಅಂಗಿಯ ತೋಳಿನೊಳಗೆ ಹೋಯಿತು, ಎಡಗೈ ಹೋಗಲೊಲ್ಲದು. ಸೊಸೆ ನೆಲದ ಮೇಲೆ ಮಂಡಿಯೂರಿ, ಗಂಡನ ಮೊಣಕೈಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ, ಇಸ್ತ್ರಿ ಮಾಡಿದ ಬಿಳಿಯ ಅಂಗಿಗೆ ಅದನ್ನು ಹೊಂದಿಸಲು ನೋಡುತ್ತಿದ್ದಳು. ನಿದ್ದೆಹೋದ ಮಗುವಿಗಾದರೆ ಅಂಗಿ ತೊಡಿಸಬಹುದು. ಮಗುವಿನ ಕೈ ಹಗುರ, ಎಳೆದತ್ತ ಬರುತ್ತದೆ. ಕುಡಿದು ಬಿದ್ದವನ ಕೈಗೆ ಹೆಣದ ಭಾರ. ಆ ಮಾತು ಮನಸ್ಸಿಗೆ ಬಂದದ್ದೇ ಅವಳು ನಾಲಗೆ ಕಚ್ಚಿಕೊಂಡಳು. ಗೋಡೆಯ ಆಚೆಗೆ, ಮುಂದಿನ ಕೋಣೆಯಲ್ಲಿ, ನಿಜವಾಗಿಯೂ ಹೆಣವಿತ್ತು. ಅವಳ ಅತ್ತೆಯನ್ನು ಅಲ್ಲಿ ಮಲಗಿಸಿ, ತಲೆಯ ಬಳಿ ದೀಪವಿಟ್ಟಿದ್ದರು.

ಅತ್ತೆಯ ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಬಂಧುಗಳೆಲ್ಲ ಅವರನ್ನು ಹೆಡ್ ಕ್ಲರ್ಕ್ ಮಾವ ಎಂದೇ ಕರೆಯುತ್ತಿದ್ದರು. ಎಷ್ಟೋ ಫೈಲುಗಳ ಮೇಲೆ ಕೈಯಿಟ್ಟು ಕೂತವರಿಗೆ ಒಂದು ಬಾಗಿಲು ಮುಚ್ಚಿಡುವುದು ಕಷ್ಟವಲ್ಲ.

"ಎದ್ನಾ?" ಎಂದರು, ತಿರುಗದೆ.

"ಇಲ್ಲ ಮಾವ."

"ಮುಖಕ್ಕೆ ತಣ್ಣೀರು ಹಾಕು. ಮಧ್ಯಾಹ್ನದ ಮೇಲೆ ಗಾಡಿ ಬರುತ್ತೆ. ಮಗ ಅನ್ನಿಸಿಕೊಂಡೋನು ಬಾಗಿಲಿಂದ ಗಾಡಿ ತನಕ ಹೆಗಲು ಕೊಟ್ಟರೆ ಸಾಕು. ಆಮೇಲೆ ಎಲ್ಲಾದರೂ ಬಿದ್ಕೊಳ್ಳಲಿ."

ಬಂದವರಿಗೆಲ್ಲ ಅವರು ಬೆಳಗಿನಿಂದ ಒಂದೇ ಮಾತು ಹೇಳುತ್ತ ಬಂದಿದ್ದರು: ಹುಡುಗನಿಗೆ ತಾಯಿಯ ಸಾವಿನ ಆಘಾತ, ಮೈ ಕೆಂಡದಂತೆ ಸುಡುತ್ತಿದೆ, ಜ್ವರ. ಕೇಳಿದವರು ತಲೆಯಾಡಿಸಿದರು. ಅವರಲ್ಲಿ ಅರ್ಧ ಜನಕ್ಕೆ ಅದು ಎಂಥ ಜ್ವರವೆಂದು ತಿಳಿದಿತ್ತು. ತಿಳಿದೂ ತಲೆಯಾಡಿಸುವುದು ಆ ಬೀದಿಯ ಸೌಜನ್ಯ.

ಸೊಸೆಗೂ ಅವನು ಏಳಬೇಕಾಗಿತ್ತು. ಆದರೆ ಜನ ಏನೆಂದಾರು ಎಂಬ ಭಯದಿಂದಲ್ಲ. ಅವನು ಕುಡುಕನಾಗಿರಬಹುದು, ತಾಯಿಯ ಮೇಲೆ ಪ್ರೀತಿಯಿಲ್ಲದವನಲ್ಲ. ನಿನ್ನೆ ಸಂಜೆ ಸಾವಿನ ಸುದ್ದಿ ಬಂದಾಗ ತಾಯಿಯ ಚಪ್ಪಲಿಗಳನ್ನು ಎದೆಗವಚಿಕೊಂಡು ಅಳುತ್ತ ಕೂತವನು ಅವನು. ಅತ್ತು ಮುಗಿಸಿ ಕುಡಿಯಲು ಎದ್ದು ಹೋದವನೂ ಅವನೇ. ಇಂದು ಆಕೆಯನ್ನು ಎತ್ತದೆ ಹೋದರೆ ಮುಂದೆ ಬದುಕಿನುದ್ದಕ್ಕೂ ಅದನ್ನು ಹೊರಬೇಕು. ಈ ದಿನ ಮತ್ತೆ ಸಿಗುವುದಿಲ್ಲ. ಅವಳು ಲೋಟದ ನೀರನ್ನು ಅಂಗೈಗೆ ಸುರಿದುಕೊಂಡು ಅವನ ಮುಖ ಒರೆಸಿದಳು. ಅವನು ಏನೋ ಗೊಣಗಿ ಗೋಡೆಯ ಕಡೆಗೆ ಹೊರಳಿದ. ಅಂಗಿಯ ತೋಳು ಹೊಲಿಗೆಯ ಬಳಿ ಚರ್ರೆಂದು ಹರಿಯಿತು.

*

ಸತ್ತಾಕೆಯನ್ನು ಊರು ಕಾಜಮ್ಮ ಎಂದು ಕರೆಯುತ್ತಿತ್ತು. ಒಂದು ಕಾಲದಲ್ಲಿ ದೊಡ್ಡ ದರ್ಜಿಗಳೆಲ್ಲ ಕೋಟು ಹೊಲಿದು ಮುಗಿಸಿ, ಗುಂಡಿ ತೂರುವ ಕಾಜಗಳನ್ನು ಹಾಕಿಸಲು ಆಕೆಯ ಹತ್ತಿರವೇ ಕಳಿಸುತ್ತಿದ್ದರು. ಆಕೆಯ ಕೈಯ ಕಾಜ ಬಟ್ಟೆ ಸವೆದರೂ ಸವೆಯದು ಎಂಬ ಮಾತಿತ್ತು. ಯಂತ್ರ ಬಂದ ಮೇಲೆ ಆ ಕೆಲಸ ಹೋಯಿತು, ಹೆಸರು ಉಳಿಯಿತು. ಅಂಗಡಿ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಆಕೆ ಹಳೆಯ ಬಟ್ಟೆ ಸರಿಮಾಡಿಕೊಡುತ್ತಿದ್ದಳು. ಜನ ಹತ್ತಿ ಇಳಿದಾಗಲೆಲ್ಲ ಮೇಲಿನಿಂದ ಧೂಳು ಉದುರುತ್ತಿತ್ತು. ಅದಕ್ಕೆಂದು ಒಂದು ಹಳೆಯ ದುಪ್ಪಟಿಯನ್ನು ಬಿಗಿದು ಕಟ್ಟಿದ್ದಳು. "ನನ್ನ ತಲೆ ಮೇಲೆ ನಡೆಯದೋರು ಈ ಊರಲ್ಲಿ ಯಾರಿದ್ದಾರೆ, ಹೇಳಿ" ಎಂದು ನಗುತ್ತಿದ್ದಳು.

ಮಗ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲಿದ್ದ. ಕೂದಲೆಳೆಯಷ್ಟೂ ತಪ್ಪದ ಕೈ ಎಂದು ಹೆಸರು ಮಾಡಿದ್ದ. ಕೈ ನಡುಗಲು ತೊಡಗಿದಾಗ ಫೋರ್‌ಮನ್ ಅವನನ್ನು ಅಲಗಿನ ಬಳಿಯಿಂದ ಎಬ್ಬಿಸಿ ಅಂಟು ಹಚ್ಚುವ ಮೇಜಿಗೆ ಕೂರಿಸಿದ. ಅದು ದಯೆಯಿಂದ ಮಾಡಿದ್ದು. ಆದರೆ ಅಂಟಿನ ಮೇಜು ಹೊಸಬರದು. ಆ ಅವಮಾನವನ್ನು ಮರೆಯಲು ಅವನು ಇನ್ನಷ್ಟು ಕುಡಿದ.

ಅವನು ಕೆಲಸಕ್ಕೆ ಹೋಗದ ದಿನ ಕಾಜಮ್ಮ ಕಾರ್ಖಾನೆಗೆ ಫೋನು ಮಾಡುತ್ತಿದ್ದಳು. ಮಗನಿಗೆ ಜ್ವರ ಎನ್ನುತ್ತಿದ್ದಳು. ಬೇರೆ ರೋಗಗಳ ಹೆಸರು ಆಕೆಗೆ ಹೊಳೆಯಲಿಲ್ಲವೋ, ಸುಳ್ಳಿನಲ್ಲಿಯೂ ಒಂದು ನಿಯಮ ಬೇಕೆನಿಸಿತೋ, ದೇವರೇ ಬಲ್ಲ.

ಒಂದು ಸಲ ಫೋರ್‌ಮನ್ ಹೇಳಿದ್ದ: "ಅಮ್ಮಾ, ನಿಮ್ಮ ಮಗನ ಜ್ವರಕ್ಕೆ ಕ್ಯಾಲೆಂಡರ್ ಓದೋಕೆ ಬರುತ್ತೆ. ಸರಿಯಾಗಿ ರಜೆಯ ಮರುದಿನವೇ ಬರುತ್ತಲ್ಲ."

"ಜ್ವರಕ್ಕಾದರೂ ಒಂದು ಶಿಸ್ತು ಬೇಡವೇನಪ್ಪ" ಎಂದು ಆಕೆ ನಕ್ಕಿದ್ದಳು. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಬೆಳಗಿನ ಪ್ರಾರ್ಥನೆ ಇನ್ನೂ ಆಗಿರಲಿಲ್ಲ. ಅದೇ ಬಾಯಲ್ಲಿ ದೇವರ ಹೆಸರು ಹೇಳುವುದು ಹೇಗೆ? ಸೊಸೆ ಅದನ್ನು ಅನೇಕ ಸಲ ಕಂಡಿದ್ದಳು. ಫೋನು, ಆಮೇಲೆ ನೀರು, ಆಮೇಲೆ ಪ್ರಾರ್ಥನೆ.

ಮದುವೆಯಾದ ಎರಡನೆಯ ವರ್ಷ ಆ ಫೋನು ಸೊಸೆಯ ಕೈಗೆ ಬಂತು. "ನನ್ನ ದನಿ ಅವರಿಗೆ ಹಳತಾಯ್ತು ಕಣಮ್ಮ. ನಿನ್ನ ದನಿ ನಂಬೋ ಹಾಗಿದೆ" ಎಂದು ಅತ್ತೆ ಒಪ್ಪಿಸಿದಳು, ಬೇರೆ ಮನೆಗಳಲ್ಲಿ ಬೀಗದ ಕೈ ಒಪ್ಪಿಸುವಂತೆ. ಆ ಮನೆಯಲ್ಲಿ ಅವಳಿಗೆ ಸಿಕ್ಕ ಯಜಮಾನಿಕೆ ಅದೊಂದೇ.

ಅತ್ತೆ ಸೊಸೆಯರಿಗೆ ಜಗಳವಿರಲಿಲ್ಲ. ಇಬ್ಬರೂ ಒಂದೇ ದೋಣಿಯ ನೀರು ಮೊಗೆಯುತ್ತಿದ್ದರು, ಜಗಳಕ್ಕೆ ಬಿಡುವೆಲ್ಲಿ? ಸೊಸೆಗೆ ಒಂದೇ ಒಂದು ದೂರು. ಪ್ರತಿ ಗುರುವಾರ ಅತ್ತೆ ಮನೆಗೆ ತಡವಾಗಿ ಬರುತ್ತಿದ್ದಳು. ಗುರುವಾರ ಕೆಲಸ ಜಾಸ್ತಿ ಎನ್ನುತ್ತಿದ್ದಳು. ಆ ಸಂಜೆಗಳಲ್ಲಿ ಗಂಡ ಬರುವ ಹೊತ್ತಿಗೆ ಬಾಗಿಲ ಬಳಿ ಸೊಸೆ ಒಬ್ಬಳೇ.

*

ನಡುಹಗಲಿಗೆ ಅವನು ಎದ್ದ. ಎದ್ದವನು ಗೋಡೆಗೆ ಒರಗಿ ಕುಳಿತು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಕೈ ನಡುಗುವುದು ಕಾಣಬಾರದೆಂದು ಹಾಗೆ ಮಾಡಿದರೆ ಭುಜಗಳು ನಡುಗಿದವು. ಹಣೆಯ ಮೇಲೆ ಬೆವರು. ಅಮ್ಮನನ್ನು ನೋಡಬೇಕು ಎಂದ. ಎದ್ದು ನಿಲ್ಲಲು ಹೋಗಿ ಕುಸಿದ. ಆಮೇಲೆ ಅವನು ಕೇಳಿದ್ದು ಅಮ್ಮನನ್ನಲ್ಲ.

ಹೆಡ್ ಕ್ಲರ್ಕ್ ಮಾವ ಸೊಸೆಯನ್ನು ಹಿತ್ತಲ ಬಾಗಿಲ ಬಳಿಗೆ ಕರೆದರು. ಕಾಗದ ಸುತ್ತಿದ ಒಂದು ಸಣ್ಣ ಬಾಟಲಿಯನ್ನು ಕೈಗಿತ್ತರು. ಜೀವಮಾನದಲ್ಲಿ ಅಂಥ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ ಅವರು. ಅಕ್ಕನಿಗಾಗಿ ಇಂದು ಹತ್ತಿದ್ದರು. ಮುಖದಲ್ಲಿ ಆ ನೋವಿತ್ತು.

"ಔಷಧಿ ಅಂದ್ಕೊ" ಎಂದರು. "ನಡುಕ ನಿಲ್ಲೋಷ್ಟು ಮಾತ್ರ ಕೊಡು. ನಿನ್ನ ಕೈಯಲ್ಲಾದರೆ ಅಳತೆಗೆ ತಗೋತಾನೆ. ನನ್ನ ಅಕ್ಕ ಮಗ ಇದ್ದೂ ಮಗ ಇಲ್ಲದೋಳ ಹಾಗೆ ಹೋಗೋದು ಬೇಡ."

ಅವಳು ಬಾಟಲಿಯ ಮೇಲೆ ಟವೆಲು ಹಾಕಿಕೊಂಡು ಒಳಗೆ ಹೊರಟಳು. ಅಷ್ಟರಲ್ಲಿ ಮುಂಬಾಗಿಲಲ್ಲಿ ಮಾತು ಏರಿತು.

ಖಾಕಿ ಅಂಗಿ ತೊಟ್ಟ ಒಬ್ಬ ಗಂಡಸು ಅಲ್ಲಿ ನಿಂತಿದ್ದ. ಶಾಲೆಯ ಬಸ್ಸು ಓಡಿಸುವವನು. ಹೆಣದ ಕಾಲ ಬಳಿ ನಿಂತು ಕೈಮುಗಿದು, ಯಾರು ತಾವು ಎಂದು ಕೇಳಿದಾಗ, ಕಾಜಮ್ಮನವರ ಹತ್ತಿರ ಒಂದು ಪ್ಯಾಂಟು ಕೊಟ್ಟಿದ್ದೆ ಎಂದಿದ್ದ. ಅವನ ಬೆನ್ನಿಗೆ ಬಂದ ದಪ್ಪನೆಯ ತರಕಾರಿ ಮಾರುವ ಹೆಂಗಸು ತನ್ನ ಯಜಮಾನರ ಕೋಟು ಕೊಟ್ಟಿದ್ದಾಗಿ ಹೇಳಿದಳು. ಊರುಗೋಲು ಹಿಡಿದು ಬಂದ ಮುದಿ ಮೇಷ್ಟ್ರು ಸ್ವಲ್ಪ ಯೋಚಿಸಿ, ಸ್ವೆಟರು ಎಂದರು. ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಹೆಡ್ ಕ್ಲರ್ಕ್ ಮಾವನ ತಾಳ್ಮೆ ಅಲ್ಲಿಗೆ ಮುಗಿಯಿತು. "ಏನ್ರೀ, ಹೆಣ ಇನ್ನೂ ಮನೇಲಿದೆ. ಪ್ಯಾಂಟು, ಕೋಟು ಕೇಳೋಕೆ ಬಂದಿದ್ದೀರಲ್ಲ. ಮನುಷ್ಯರೋ ಏನು ನೀವು?" ಕುರ್ಚಿಗಳಲ್ಲಿ ಕೂತವರು ತಲೆ ತಗ್ಗಿಸಿದರು; ಒಬ್ಬಿಬ್ಬರು ಸಾವಿನ ಮನೆಯೆಂಬುದನ್ನೂ ಮರೆತು ನಕ್ಕರು. ಇವರ ಬಟ್ಟೆ ಎಲ್ಲಿದೆಯೋ ನೋಡಿ ಕೊಟ್ಟು ಕಳಿಸು ಎಂದು ಮಾವ ಸೊಸೆಗೆ ಹೇಳಿದರು.

ಅವಳು ಮೂವರನ್ನೂ ಹಿತ್ತಲಿಗೆ ಕರೆದುಕೊಂಡು ಹೋದಳು. ಅತ್ತೆ ಮನೆಗೆ ತಂದಿದ್ದ ಬಟ್ಟೆಯ ಗಂಟು ಅಲ್ಲಿನ ಕಪಾಟಿನಲ್ಲಿತ್ತು. ಯಾವ ಬಣ್ಣದ ಪ್ಯಾಂಟು ಎಂದು ಕೇಳಿದಳು.

"ಪ್ಯಾಂಟು ಇಲ್ಲ ತಂಗಿ" ಎಂದ ಬಸ್ಸಿನವನು. "ಹಾಗೆ ಹೇಳಿ ಹೇಳಿ ಅಭ್ಯಾಸ ಆಗಿಬಿಟ್ಟಿದೆ. ಯಾರಾದರೂ 'ನೀವು ಯಾರು' ಅಂದ ಕೂಡಲೇ ಬಾಯಿಗೆ ಅದೇ ಬರುತ್ತೆ."

ಸೊಸೆಗೆ ಅರ್ಥವಾಗಲಿಲ್ಲ. ತರಕಾರಿಯವಳು ಅವಳ ಕೈಯನ್ನೇ ನೋಡುತ್ತಿದ್ದಳು.

"ಆ ಟವೆಲಿನ ಕೆಳಗೆ ಏನಿದೆ ಅಂತ ನಾನು ಕೇಳಲ್ಲ ತಾಯಿ. ನಮ್ಮ ಮಾವ ತೀರಿಕೊಂಡ ದಿನ ನಾನೂ ಹೀಗೇ ಹಿಡ್ಕೊಂಡು ನಿಂತಿದ್ದೆ."

ಸೊಸೆ ಟವೆಲನ್ನು ಬಾಟಲಿಗೆ ಇನ್ನಷ್ಟು ಸುತ್ತಿಕೊಂಡಳು. ಇಷ್ಟು ವರ್ಷ ಅವಳು ಯಾರಿಗೂ ಹೇಳದಿದ್ದುದನ್ನು, ಯಾರೋ ದಾರಿಯಲ್ಲಿ ಹೋಗುವವಳು, ಟವೆಲು ಎತ್ತಿ ನೋಡದೆ ಹೇಳಿಬಿಟ್ಟಿದ್ದಳು.

*

ಅವರು ಹೇಳಿದ್ದು ಇಷ್ಟು. ಗುರುವಾರ ಸಂಜೆ ಕಾಜಮ್ಮ ಗೂಡಿನ ಬಾಗಿಲನ್ನು ಅರ್ಧ ಎಳೆದುಕೊಳ್ಳುತ್ತಿದ್ದಳು. ಒಳಗೆ ನಾಲ್ಕಾರು ಮೋಟು ಸ್ಟೂಲುಗಳು. ಬರುವವರೆಲ್ಲ ಕೈಯಲ್ಲಿ ಒಂದು ಬಟ್ಟೆ ಹಿಡಿದು ಬರಬೇಕು; ಹರಿದಿರಲಿ ಬಿಡಲಿ. ಮನೆಯಲ್ಲಿ ಕೇಳಿದರೆ ರಿಪೇರಿಗೆ ಕೊಡಲು ಹೋಗಿದ್ದೆ ಎನ್ನಬಹುದು. ಬೀದಿಯಲ್ಲಿ ಎದುರಾದರೆ ಒಬ್ಬರನ್ನೊಬ್ಬರು ಗುರುತು ಹಿಡಿಯಬಾರದು. ಎಲ್ಲರ ಮನೆಯಲ್ಲಿಯೂ ಒಬ್ಬರು ಕುಡಿಯುವವರೋ, ಮಾತ್ರೆ ನುಂಗುವವರೋ, ಪುಡಿ ಸೇದುವವರೋ ಇದ್ದರು. ಬಸ್ಸಿನವನಿಗೆ ಮಗಳು. ತರಕಾರಿಯವಳಿಗೆ ಗಂಡ. ಮೇಷ್ಟ್ರಿಗೆ ಹೆಂಡತಿ.

ಮಾತಾಡುವಾಗ ಕೈಗೆ ಕೆಲಸವಿರಬೇಕೆಂದು ಆಕೆ ಎಲ್ಲರಿಗೂ ಒಂದೊಂದು ಹಳೆಯ ಅಂಚು ಬಿಚ್ಚಲು ಕೊಡುತ್ತಿದ್ದಳು. ಕಣ್ಣು ಹೊಲಿಗೆಯ ಮೇಲಿದ್ದರೆ ನಾಲಗೆ ಸುಲಭವಾಗಿ ಹೊರಳುತ್ತದೆ. ಬುದ್ಧಿ ಹೇಳುವ ಹಾಗಿಲ್ಲ. ನಿಮ್ಮವರನ್ನು ನೀವು ಕುಡಿಸಿದ್ದಲ್ಲ, ನೀವು ಬಿಡಿಸಲಾರಿರಿ. ಬಿಡಿಸುವವರು ಆಸ್ಪತ್ರೆಯಲ್ಲಿದ್ದಾರೆ, ಅಲ್ಲಿಗೆ ಹೋಗುವ ಮನಸ್ಸನ್ನು ಕುಡಿಯುವವರೇ ಮಾಡಬೇಕು. ನಿಮ್ಮ ಕೈಯಲ್ಲಿರುವುದು ನಿಮ್ಮ ಸುಳ್ಳು ಮಾತ್ರ ಎನ್ನುತ್ತಿದ್ದಳು. ಏಳುವ ಮುಂಚೆ ಪ್ರತಿಯೊಬ್ಬರೂ ತಾವು ಹೇಳುತ್ತ ಬಂದ ಸುಳ್ಳುಗಳಲ್ಲಿ ಒಂದನ್ನು ಆರಿಸಿ, ಈ ವಾರ ಇದನ್ನು ಹೇಳುವುದಿಲ್ಲ ಎಂದು ಬಿಡಬೇಕು. ಎಲ್ಲವನ್ನೂ ಬಿಡಬೇಡಿ, ಒಂದು ಸಾಕು. ಇಡೀ ಹೊಲಿಗೆ ಒಮ್ಮೆಗೇ ಬಿಚ್ಚಿದರೆ ಬಟ್ಟೆ ಕೈಗೆ ಬರುವುದಿಲ್ಲ.

ಮೇಷ್ಟ್ರು ಬಿಟ್ಟ ಮೊದಲ ಸುಳ್ಳು, ಹೆಂಡತಿ ಊರಿಗೆ ಹೋಗಿದ್ದಾಳೆ ಎಂಬುದು. ಆ ಸುಳ್ಳು ಅವರಿಗೆ ಬಹಳ ಹಳೆಯದು. "ಊರಿಗೆ ಹೊರಟ ನಿಮ್ಮ ಮನೆಯೋರಿಗೆ ಆ ಊರು ಇನ್ನೂ ಬಂದಿಲ್ವಾ ಮೇಷ್ಟ್ರೇ?" ಎಂದು ಕಾಜಮ್ಮ ಕೇಳಿದಾಗ ಮೇಷ್ಟ್ರು ನಕ್ಕು, ನಗುತ್ತಲೇ ಅತ್ತಿದ್ದರು.

"ಅತ್ತೆ ಏನು ಬಿಟ್ಟರು?" ಎಂದು ಸೊಸೆ ಕೇಳಿದಳು.

ಮೇಷ್ಟ್ರು ಊರುಗೋಲನ್ನು ಎರಡು ಕೈಯಲ್ಲಿ ಹಿಡಿದುಕೊಂಡರು.

"ಸಣ್ಣಪುಟ್ಟವನ್ನು ಬಿಡುತ್ತಿದ್ದರು ಮಗಳೇ. ಹಾಲಿನವನಿಗೆ ಹೇಳೋದು, ಪಕ್ಕದ ಮನೆಗೆ ಹೇಳೋದು. ಒಂದು ಗುರುವಾರ ನಾನೇ ಕೇಳಿದೆ, ನಿಮ್ಮ ಮನೇಲಿ ಯಾರು ಕಾಜಮ್ಮ ಅಂತ. ಎಲ್ಲರನ್ನೂ ಕೂರಿಸಿಕೊಂಡೋರು ಅವರು, ಅವರ ಮನೆಯದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಬಹಳ ಹೊತ್ತು ದಾರ ಎಳೀತಾ ಕೂತಿದ್ದರು. ಆಮೇಲೆ 'ನಮ್ಮ ಮನೇಲಿ ಜ್ವರ' ಅಂದರು. ನಮಗೆ ನಗು ಬಂತು. ಅವರು ನಗಲಿಲ್ಲ. ಮತ್ತೆ ನಾವು ಯಾರೂ ಕೇಳಲಿಲ್ಲ."

ಸೊಸೆಗೆ ಅಳು ಬರಬೇಕಾಗಿತ್ತು. ಬಂದದ್ದು ಸಿಟ್ಟು. ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಬಾಟಲಿಯನ್ನು ಪಕ್ಕದಲ್ಲಿಟ್ಟಳು, ಟವೆಲು ಜಾರಿತು. ಇವರಿಗೆ ಸುಳ್ಳು ಬಿಡಲು ಕಲಿಸಿದ ಹೆಂಗಸು ತನಗೆ ಸುಳ್ಳು ಹೇಳಲು ಕಲಿಸಿದಳು. ಇವರಿಗೆಲ್ಲ ಸ್ಟೂಲು ಹಾಕಿಕೊಟ್ಟವಳು ತನಗೆ ಒಂದನ್ನು ಹಾಕಲಿಲ್ಲ. ಇವರು ಅಂಚು ಬಿಚ್ಚುತ್ತ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದ ಆ ಗುರುವಾರಗಳಲ್ಲಿ ಮನೆ ಕಾದವಳು ತಾನು.

"ನನ್ನನ್ನ ಯಾಕೆ ಕರೀಲಿಲ್ಲ ಅವರು?"

"ನಿನ್ನನ್ನ ಕರೆದಿದ್ದರೆ ಮಗ ಕುಡುಕ ಅನ್ನೋ ಮಾತು ನಿನ್ನೆದುರಿಗೆ ಬಾಯಿಬಿಟ್ಟು ಹೇಳಬೇಕಾಗ್ತಿತ್ತು ತಾಯಿ" ಎಂದಳು ತರಕಾರಿಯವಳು. "ನಮ್ಮೆದುರಿಗೆ ಒಂದು ವೇಳೆ ಹೇಳಿಯಾರು. ನಿನ್ನೆದುರಿಗೆ ಹೇಗೆ ಹೇಳ್ತಾರೆ? ಹೆತ್ತೋಳು, ಅವನನ್ನ ನಿನಗೆ ಕಟ್ಟಿದೋಳು." ಆಮೇಲೆ, "ಅದು ಸರಿ ಅಂತ ನಾನು ಹೇಳಲ್ಲ" ಎಂದಳು.

ಬಸ್ಸಿನವನು ಬಾಟಲಿಯನ್ನು ಮುಟ್ಟಲಿಲ್ಲ. ನಡುಕ ಎಷ್ಟಿದೆ, ಏನಾದರೂ ಇಲ್ಲದ್ದು ಕಾಣುತ್ತದೆ ಎನ್ನುತ್ತಾನೋ, ಹಿಂದೆ ಯಾವತ್ತಾದರೂ ಸೆಳೆತ ಬಂದಿತ್ತೋ ಎಂದು ವಿಚಾರಿಸಿದ. ಹಾಗಿದ್ದರೆ ಸುಮ್ಮನಿರಬಾರದು, ಮನೆಯಲ್ಲಿ ತಾನಾಗಿ ನಿಲ್ಲಿಸುವುದೂ ಅಪಾಯ, ಆಸ್ಪತ್ರೆಯಲ್ಲಿ ಅದಕ್ಕೆಂದೇ ವಾರ್ಡಿದೆ, ಮಗಳನ್ನು ಕರೆದುಕೊಂಡು ಹೋಗಿ ತನಗೆ ಅಲ್ಲಿನ ದಾರಿ ಗೊತ್ತು ಎಂದ. "ಈಗ ಹೋಗೋಣ ಅಂದರೂ ಬರ್ತೀನಿ. ನಾಳೆ ಅಂದರೂ ಬರ್ತೀನಿ. ಅಳತೆ ಮಾಡಿ ಕುಡಿಸೋದು ನಿನ್ನ ಕೆಲಸ ಅಲ್ಲ ತಂಗಿ, ನಿನ್ನ ಮಾವಂದೂ ಅಲ್ಲ."

ಅಷ್ಟರಲ್ಲಿ ಮಾವನೇ ಹಿತ್ತಲಿಗೆ ಬಂದರು. ಕಟ್ಟೆಯ ಮೇಲಿನ ಬಾಟಲಿ ಕಂಡು, ಪರಕೀಯರ ಮುಂದೆ ಅದು ಬತ್ತಲೆಯಾಗಿರುವುದು ಕಂಡು ಅವರ ಮುಖ ಕಪ್ಪಿಟ್ಟಿತು. ಟವೆಲನ್ನು ಅದರ ಮೇಲೆ ಎಳೆದು ಕೈಗೆತ್ತಿಕೊಂಡರು.

"ಬೇಡ ಮಾವ" ಎಂದಳು ಸೊಸೆ. "ಡಾಕ್ಟರನ್ನ ಕರೆಸೋಣ."

"ಸಾವಿನ ಮನೆಗೆ ಡಾಕ್ಟರು ಬಂದರೆ ಜನ ಯಾರಿಗೆ ಅಂತ ಕೇಳಲ್ವಾ? ನಿನ್ನ ಕೈಲಿ ಆಗದಿದ್ದರೆ ನಾನು ಕೊಡ್ತೀನಿ."

ಅವರು ಒಳಗೆ ಹೋದರು. ಅವಳು ಎದ್ದು ಹಿಂದೆ ಓಡಿದಳು. ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಮಾವ ಲೋಟಕ್ಕೆ ಅಳತೆಯಿಂದಲೇ ಸುರಿದಿದ್ದರಂತೆ. ಆದರೆ ಲೋಟ ಸೋದರಳಿಯನ ಕೈಗೆ ಕೊಡುವಾಗ ಬಾಟಲಿಯನ್ನು ಕೆಳಗಿಟ್ಟರು. ಕುಡಿಯುವವನ ಅಳತೆ ಕುಡಿಯದವನಿಗೆ ಹೇಗೆ ತಿಳಿಯಬೇಕು? ಬಾಗಿಲು ತೆರೆದಾಗ ಬಾಟಲಿ ಬರಿದಾಗಿತ್ತು. ಅವನು ಮತ್ತೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ. ಹೆಡ್ ಕ್ಲರ್ಕ್ ಮಾವ ಅವನ ಕಾಲ ಬಳಿ ನೆಲದ ಮೇಲೆ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಅಕ್ಕಾ ಅಕ್ಕಾ ಎನ್ನುತ್ತಿದ್ದರು. ಬೆಳಗಿನಿಂದ ಅವರು ಅತ್ತದ್ದು ಅದೇ ಮೊದಲು.

ಬಸ್ಸಿನವನು ಬಂದು ಅವನನ್ನು ಮಗ್ಗುಲಿಗೆ ಸರಿಯಾಗಿ ಮಲಗಿಸಿದ, ಉಸಿರು ನೋಡಿದ. ಮನೆಯಲ್ಲಿ ಒಬ್ಬರು ಇವನ ಹತ್ತಿರ ಕೂತಿರಬೇಕು ಎಂದ. ತಾನು ಕೂರುತ್ತೇನೆ ಎಂದರು ಮೇಷ್ಟ್ರು. ತಮಗೆ ಇದರಲ್ಲಿ ಬಹಳ ವರ್ಷದ ಅನುಭವ ಎಂದರು.

*

ಗಾಡಿ ಬಂತು. ಬೀದಿ ಕಿರಿದಾದ್ದರಿಂದ ತಿರುವಿನಲ್ಲಿಯೇ ನಿಂತಿತು. ಅಲ್ಲಿಯವರೆಗೆ ಹೊತ್ತುಕೊಂಡು ಹೋಗಬೇಕು. ಪ್ರಾರ್ಥನೆ ಮುಗಿಯಿತು. ಚಟ್ಟದ ಹಿಂದಿನ ಎರಡು ಹಿಡಿಗಳಿಗೆ ನೆರೆಯವರು ಬಂದರು. ಮುಂದೆ ಎಡಕ್ಕೆ, ಮಗನ ಕಾರ್ಖಾನೆಯಿಂದ ಬಂದಿದ್ದ ಫೋರ್‌ಮನ್ ನಿಂತ. ಬಲಗಡೆಯ ಹಿಡಿ ಮಗನದು. ಅದರ ಬಳಿ ಯಾರೂ ಹೋಗಲಿಲ್ಲ.

ಜನ ಕಾದರು. ಒಳಕೋಣೆಯ ಬಾಗಿಲನ್ನು ನೋಡುವುದು, ನೋಡಲಿಲ್ಲವೆಂಬಂತೆ ದೀಪವನ್ನು ನೋಡುವುದು ಮಾಡಿದರು. ಗಾಡಿಯ ಚಾಲಕ ಹಾರ್ನ್ ಒತ್ತಲು ಸಂಕೋಚಪಟ್ಟು ಇಳಿದು ಬಂದು ನಿಂತ.

"ಏಳಲಿ, ಕಾಯೋಣ" ಎಂದ ಫೋರ್‌ಮನ್. "ಜ್ವರ ಇದ್ದರೂ ತಾಯಿ ಅಲ್ವಾ. ಹಿಡಿದುಕೊಂಡು ಬರೋಣ ಬೇಕಾದರೆ."

ಮಾವ ಬಾಯಿ ತೆರೆದರು. ಕೆಂಡದಂಥ ಮೈ, ಆಘಾತ ಎಂದು ಮತ್ತೆ ಮೊದಲಿನಿಂದ ಹೇಳಲು ಹೊರಟರು. ದನಿ ಏಳಲಿಲ್ಲ. ಸೊಸೆಯ ಕಡೆಗೆ ನೋಡಿದರು. ಆ ನೋಟದಲ್ಲಿ ಅಪ್ಪಣೆಯಿರಲಿಲ್ಲ, ಬೇಡಿಕೆಯಿತ್ತು. ಈ ಕೆಲಸವನ್ನು ಇಷ್ಟು ವರ್ಷ ಮಾಡಿದವಳು ಅವಳೇ ತಾನೇ.

ಸೊಸೆ ಅತ್ತೆಯ ಮುಖ ನೋಡಿದಳು. ಅದರಲ್ಲಿ ಒಪ್ಪಿಗೆಯೂ ಇರಲಿಲ್ಲ, ಬೇಡವೆಂಬುದೂ ಇರಲಿಲ್ಲ. ದೇವರ ಮುಂದೆ ಹೋಗಿ ನಿಂತವರಿಗೆ ನಮ್ಮ ಒಪ್ಪಿಗೆಗಳಿಂದ ಏನಾಗಬೇಕು?

"ಜ್ವರ ಅಲ್ಲ" ಎಂದಳು ಫೋರ್‌ಮನ್‌ಗೆ. "ಅವರು ಕುಡಿದು ಮಲಗಿದ್ದಾರೆ. ಇವತ್ತು ಏಳಲ್ಲ. ನೀವು ಎತ್ತಿ."

ಬಹಳ ಜನಕ್ಕೆ ತಿಳಿದಿದ್ದ ಮಾತೇ ಅದು. ಆದರೂ ಯಾರೋ ಪಾತ್ರೆ ಬೀಳಿಸಿದಂತೆ ಬೆಚ್ಚಿದರು. ಹಿರಿಯ ಹೆಂಗಸೊಬ್ಬಳು, ಹೆಣದ ಮುಂದೆ ಇಂಥ ಮಾತಾಡಬಹುದೇನೇ ಎಂದು ಮೆಲ್ಲಗೆ ಗದರಿಸಿದಳು. ಫೋರ್‌ಮನ್ ನೆಲ ನೋಡುತ್ತ, "ಗೊತ್ತಮ್ಮ" ಎಂದ. ಆಮೇಲೆ ಇನ್ನೂ ಮೆಲ್ಲಗೆ, "ಫೋನಲ್ಲಿ ನೀವು ಹೇಳಿದಾಗ ನಾನೂ ಹೂಂ ಅಂತಿದ್ದೆನಲ್ಲ" ಎಂದ.

ಖಾಕಿಯವನು ಬಂದು ಬಲಗಡೆಯ ಹಿಡಿಗೆ ಭುಜ ಕೊಟ್ಟ. ನೀವು ಯಾರು ಎಂದು ಯಾರೋ ಕೇಳಿದರು. ಅವನು ಒಂದು ಗಳಿಗೆ ತಡವರಿಸಿ, ಕಾಜಮ್ಮನವರ ಕಡೆಯವನು ಎಂದ. ಎತ್ತಿದರು. ತರಕಾರಿಯವಳು ಸೊಸೆಯ ಪಕ್ಕದಲ್ಲಿ ನಡೆದಳು. ಮೆಟ್ಟಿಲು ಇಳಿಯುವಾಗ ಸೊಸೆಯ ಕಾಲು ತಪ್ಪಿತು. ಆ ದಪ್ಪ ಕೈ ಅವಳ ತೋಳನ್ನು ಹಿಡಿಯಿತು, ನೆಟ್ಟಗೆ ನಿಂತ ಕೂಡಲೇ ಬಿಟ್ಟಿತು.

ಮಾವ ಎಲ್ಲರಿಗಿಂತ ಹಿಂದೆ ಬಂದರು.

*

ಮಣ್ಣು ಮಾಡಿ ಮರಳುವಾಗ ಇನ್ನೂ ಬಿಸಿಲಿತ್ತು. ನೆರೆಯವರು ಬೀದಿಯ ತಿರುವಿನಲ್ಲಿಯೇ ಕೈಮುಗಿದು ಬೀಳ್ಕೊಂಡರು. ಸೊಸೆ ಆ ಮಾತು ಆಡದಿದ್ದರೆ ಒಳಗೆ ಬಂದು ಕೂರುತ್ತಿದ್ದರೇನೋ. ಬಸ್ಸಿನವನು ಬೆಳಿಗ್ಗೆ ಬಸ್ಸು ಬಿಟ್ಟು ಬರುತ್ತೇನೆ, ನಿನ್ನ ಯಜಮಾನರು ಹೊರಟರೆ ಆಸ್ಪತ್ರೆಗೆ ಹೋಗೋಣ, ಹೊರಡದಿದ್ದರೆ ನೀನೊಬ್ಬಳೇ ಬಾ, ನಿನ್ನ ಮಾತೂ ಕೇಳುವ ಡಾಕ್ಟರಿದ್ದಾರೆ ಎಂದು ಹೇಳಿ ಹೋದ.

ಬಾಗಿಲಲ್ಲಿ ಮೇಷ್ಟ್ರು ಎದುರಾದರು. ಎದ್ದಿದ್ದಾರೆ, ಎರಡು ಸಲ ನೀರು ಕುಡಿದರು, ನಾನು ಯಾರೆಂದು ಕೇಳಿದರು ಎಂದರು. ಏನು ಹೇಳಿದಿರಿ ಎಂದು ಸೊಸೆ ಕೇಳಿದಳು. "ನಿಮ್ಮ ತಾಯಿಯ ಹತ್ತಿರ ಬರುತ್ತಿದ್ದೆ ಅಂದೆ. ಸ್ವೆಟರಿನ ಮಾತು ಎತ್ತಲಿಲ್ಲ" ಎಂದು ಊರುಗೋಲು ಊರುತ್ತ ಇಳಿದು ಹೋದರು.

ಅವನು ಮುಂದಿನ ಕೋಣೆಯಲ್ಲಿ, ತಾಯಿಯನ್ನು ಮಲಗಿಸಿದ್ದ ಜಾಗದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ದೀಪ ಇನ್ನೂ ಉರಿಯುತ್ತಿತ್ತು. ಮುಖ ಊದಿಕೊಂಡಿತ್ತು, ಕಣ್ಣುಗಳಲ್ಲಿ ಮಾತ್ರ ಬಹಳ ದಿನಗಳಿಂದ ಕಾಣದ ಒಂದು ಎಚ್ಚರವಿತ್ತು. ಖಾಲಿ ನೆಲವನ್ನು ನೋಡಿದ, ಒಳಗೆ ಬಂದ ಇಬ್ಬರ ಕಾಲಿಗೆ ಹತ್ತಿದ ಮಣ್ಣನ್ನು ನೋಡಿದ.

"ಆಗೋಯ್ತಾ?"

"ಆಯ್ತು" ಎಂದಳು.

ಅವನು ಬಹಳ ಹೊತ್ತು ಏನನ್ನೋ ನೆನಪು ಮಾಡಿಕೊಳ್ಳಲು ನೋಡಿದ. ಎಷ್ಟೋ ಬೆಳಗುಗಳಲ್ಲಿ ಅವನು ಹೀಗೆ ಕೂತಿದ್ದುಂಟು. ನಿನ್ನೆ ನಾನು ಜಗಳ ಮಾಡಿದೆನಾ, ಯಾರಿಗಾದರೂ ಏನಾದರೂ ಅಂದೆನಾ ಎಂದು ಕೇಳಿದ್ದುಂಟು. ಇಲ್ಲ, ಬಂದವರೇ ಮಲಗಿಬಿಟ್ಟಿರಿ ಎಂದು ಅವಳು ಹೇಳಿದ್ದುಂಟು.

"ನಾನು ಎತ್ತಿದೆನಾ ಅಮ್ಮನ್ನ?"

ಹೆಡ್ ಕ್ಲರ್ಕ್ ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬೆಳಗಿನಿಂದ ಅವರಿಂದ ಬಂದ ಮಾತುಗಳಲ್ಲೆಲ್ಲ ಅತಿ ಮೃದುವಾದ ಮಾತು ಆಗ ಬಂತು. "ಎತ್ತಿದೆ ಕಣಪ್ಪ. ನೀನೇ ಮುಂದೆ ಇದ್ದೆ. ಬಲಗಡೆ."

ಅವನು ಮಾವನನ್ನು ನೋಡಿ, ಆಮೇಲೆ ಹೆಂಡತಿಯನ್ನು ನೋಡಿದ. ಅವನು ನಂಬುತ್ತಿದ್ದುದು ಅವಳನ್ನು. ಒಂದು ಹೂಂ ಸಾಕಾಗಿತ್ತು. ಅದು ಯಾರಿಗೂ ಕೆಡುಕು ಮಾಡುವ ಸುಳ್ಳಾಗಿರಲಿಲ್ಲ. ಈ ಮನೆಯಲ್ಲಿ ಹೇಳಿದ ಸುಳ್ಳುಗಳಲ್ಲೆಲ್ಲ ಅದರಷ್ಟು ಕರುಣೆಯದು ಇನ್ನೊಂದಿರಲಿಲ್ಲ. ಅವಳ ಗಂಟಲು ಆ ಮಾತಿಗೆ ತಾನಾಗಿ ಸಿದ್ಧವಾಗುತ್ತಿದ್ದುದು ಅವಳಿಗೇ ತಿಳಿಯಿತು. ಅವಳು ಅವನೆದುರು, ನೆಲದ ಮೇಲೆ ಕೂತಳು.

"ಇಲ್ಲ" ಎಂದಳು. "ನೀವು ಬರಲಿಲ್ಲ. ಮಲಗಿದ್ದಿರಿ. ಬೇರೆಯವರು ಎತ್ತಿದರು."

ಮಾವ ಮುಖ ತಿರುಗಿಸಿದರು. ಅವನು ಅಳಲಿಲ್ಲ, ಸಿಟ್ಟಾಗಲಿಲ್ಲ. ಎಡಗೈಯನ್ನು ಎತ್ತಿ ಬಲ ಭುಜದ ಮೇಲಿಟ್ಟುಕೊಂಡ. ಮೂಳೆಯ ಉದ್ದಕ್ಕೂ ಬೆರಳು ಊರಿ, ಹೊತ್ತ ನೋವು ಎಲ್ಲಾದರೂ ಇದೆಯೇ ಎಂದು ಒತ್ತಿ ನೋಡಿದ. ಕುತ್ತಿಗೆಯ ಬುಡದಿಂದ ತೋಳಿನ ತುದಿಯವರೆಗೆ ಒತ್ತಿದ. ಅನಂತರ ಕೈ ಬದಲಿಸಿ, ಎಡಗಡೆಯ ಭುಜವನ್ನೂ ಮುಟ್ಟಿ ನೋಡಿದ.